ಮರೆಯದ ಸಾಧನಗಳ ಚರಿತ್ರೆ

ಬೆಳಕನ್ನು ಗುರುತಿಸುವ ಸಾಧನ ಮಾಡುವವರು ಮೊದಲಿನಿಂದಲೂ ಒಂದು ನಿಯಮ ಪಾಲಿಸಿಕೊಂಡು ಬಂದಿದ್ದಾರೆ. ಬೆಳಕು ಬಿದ್ದರೆ ವಿದ್ಯುತ್ ಹರಿಯಬೇಕು. ಬೆಳಕು ಆರಿದ ಕೂಡಲೇ ಹರಿವು ಮೊದಲಿನ ಮಟ್ಟಕ್ಕೆ ಇಳಿಯಬೇಕು. ಆರಿದ ಮೇಲೂ ಹರಿವು ಇಳಿಯದಿದ್ದರೆ ಆ ಸಾಧನ ಕೆಲಸಕ್ಕೆ ಬಾರದು. ವಸ್ತುವಿನಲ್ಲಿ ಕಲ್ಮಶ ಸೇರಿದೆ, ಎಲೆಕ್ಟ್ರಾನುಗಳು ಎಲ್ಲೋ ಸಿಕ್ಕಿಬಿದ್ದಿವೆ ಎಂದು ತೀರ್ಮಾನಿಸಿ ಅದನ್ನು ಪಕ್ಕಕ್ಕಿಡುವುದು ವಾಡಿಕೆ.

2013ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಭೌತವಿಜ್ಞಾನಿ ಅರಿಂದಮ್ ಘೋಷ್ ಅವರ ತಂಡ ಪ್ರಕಟಿಸಿದ ಸಾಧನ ಈ ನಿಯಮವನ್ನು ಪೂರ್ತಿ ಮುರಿದಿತ್ತು. ದೀಪ ಆರಿಸಿದರೂ ಅದು ಬೆಳಕಿನ ಗುರುತನ್ನು ಬಿಟ್ಟುಕೊಡಲಿಲ್ಲ. ವಿದ್ಯುತ್ತಿನ ಒಂದು ಸಣ್ಣ ಮಿಡಿತ ಕೊಟ್ಟಾಗ ಮಾತ್ರ ಗುರುತು ಅಳಿಯಿತು. ಮತ್ತೆ ಬೆಳಕು ಹಾಯಿಸಿದರೆ ಮತ್ತೆ ಬರೆಯಿತು. ತಂಡ ಅದನ್ನು ಬೆಳಕಿಗೆ ಸ್ಪಂದಿಸುವ ಸ್ಮರಣೆಯ ಸಾಧನವೆಂದೇ ಜಗತ್ತಿನ ಮುಂದಿಟ್ಟಿತು.

ಕಂಡದ್ದನ್ನು ಕಂಡ ಜಾಗದಲ್ಲೇ ನೆನಪಿಡುವ, ನೆನಪಿದ್ದ ಜಾಗದಲ್ಲೇ ಲೆಕ್ಕ ಹಾಕುವ ಎಲೆಕ್ಟ್ರಾನಿಕ್ ಸಾಧನಗಳ ಚರಿತ್ರೆಯಲ್ಲಿ ಇಂಥ ಘಟನೆಗಳು ಮತ್ತೆ ಮತ್ತೆ ಎದುರಾಗುತ್ತವೆ. ಒಬ್ಬರು ಲೋಪವೆಂದು ಬಿಟ್ಟದ್ದನ್ನು ಇನ್ನೊಬ್ಬರು ಎತ್ತಿಕೊಂಡು, ಹೀಗೇಕೆ ಎಂದು ವಿಚಾರಿಸಿ, ಅದರಿಂದಲೇ ಕೆಲಸ ಮಾಡಿಸಿಕೊಂಡಿದ್ದಾರೆ. ಇದರಲ್ಲಿ ಕರ್ನಾಟಕದ ಪಾಲು ದೊಡ್ಡದು. ಬೆಂಗಳೂರೆಂದರೆ ಸಾಫ್ಟ್‌ವೇರ್ ಎನ್ನುವ ಮಾತಿನ ಗದ್ದಲದಲ್ಲಿ ಆ ಪಾಲು ಕನ್ನಡ ಓದುಗರಿಗೆ ಸರಿಯಾಗಿ ತಲುಪಿಲ್ಲ. ಬೀದರ್, ಭಾಲ್ಕಿ, ಔರಾದ್ ಕಡೆಯ ವಿದ್ಯಾರ್ಥಿಗಳಿಗೆ ಅದು ತಲುಪಲೇಬೇಕು ಎಂಬ ಕಾಳಜಿಯಿಂದ ಈ ಲೇಖನ ಬರೆಯುತ್ತಿದ್ದೇನೆ.

ಮೋಟಾರು ತಿರುಗಿಸಿದ ನೆನಪು

ಇಂದಿನ ಕಂಪ್ಯೂಟರಿನ ನಕ್ಷೆ ರೂಪುಗೊಂಡದ್ದು 1945ರಲ್ಲಿ. ಗಣಿತಜ್ಞ ಜಾನ್ ವಾನ್ ನ್ಯೂಮನ್ ಎಡ್‌ವ್ಯಾಕ್ ಎಂಬ ಯಂತ್ರಕ್ಕಾಗಿ ಬರೆದ ವರದಿಯಲ್ಲಿ ಲೆಕ್ಕ ಹಾಕುವ ಭಾಗ ಬೇರೆ, ಅಂಕಿ ಕಾಪಿಡುವ ಭಾಗ ಬೇರೆ, ಹೊರಗಿನ ಮಾಹಿತಿ ಒಳಗೆ ತರುವ ಭಾಗ ಬೇರೆ. ಈ ವಿಂಗಡಣೆಯಿಂದ ಯಂತ್ರ ಕಟ್ಟುವುದು ಸುಲಭವಾಯಿತು. ಒಂದೇ ಯಂತ್ರ ಹತ್ತಾರು ಕೆಲಸ ಮಾಡುವಂತಾಯಿತು. ಆದರೆ ಪ್ರತಿ ಲೆಕ್ಕಕ್ಕೂ ಅಂಕಿಗಳು ಸ್ಮರಣೆಯಿಂದ ಹೊರಟು ಸಂಸ್ಕಾರಕಕ್ಕೆ ಬರಬೇಕು, ಉತ್ತರ ಹಿಂದಿರುಗಬೇಕು. ಲೆಕ್ಕಕ್ಕಿಂತ ಈ ಓಡಾಟಕ್ಕೇ ಹೆಚ್ಚು ಹೊತ್ತು, ಹೆಚ್ಚು ವಿದ್ಯುತ್ ಖರ್ಚಾಗತೊಡಗಿತು. 1977ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಸ್ವೀಕರಿಸುತ್ತ ಮಾಡಿದ ಭಾಷಣದಲ್ಲಿ ಜಾನ್ ಬ್ಯಾಕಸ್ ಈ ಇಕ್ಕಟ್ಟನ್ನು ಎತ್ತಿ ತೋರಿಸಿದರು. ಅದಕ್ಕೆ ವಾನ್ ನ್ಯೂಮನ್ನರ ಹೆಸರೇ ಅಂಟಿಕೊಂಡಿತು.

ಮಿದುಳಿನಲ್ಲಿ ಈ ವಿಂಗಡಣೆಯೇ ಇಲ್ಲ. ಸುಮಾರು 8,600 ಕೋಟಿ ನರಕೋಶಗಳಿರುವ ಮನುಷ್ಯನ ಮಿದುಳು ಬಳಸುವುದು ಅಂದಾಜು 20 ವ್ಯಾಟ್. ಎರಡು ನರಕೋಶಗಳು ಸಂಧಿಸುವ ಜಾಗಕ್ಕೆ ಸಿನಾಪ್ಸ್ ಎನ್ನುತ್ತಾರೆ. ಸಂದೇಶ ಪದೇ ಪದೇ ಹಾದುಹೋದರೆ ಆ ಸಂಧಿ ಬಲಗೊಳ್ಳುತ್ತದೆ, ಹಾಯದಿದ್ದರೆ ಸಡಿಲವಾಗುತ್ತದೆ. ಸಂಧಿಯ ಆ ಬಲವೇ ನೆನಪು, ಲೆಕ್ಕ ನಡೆಯುವುದೂ ಅಲ್ಲಿಯೇ. ಕಣ್ಣು ಇನ್ನೂ ಒಂದು ಹೆಜ್ಜೆ ಮುಂದಿದೆ. ರೆಟಿನಾದಲ್ಲಿ ಬೆಳಕು ಗ್ರಹಿಸುವ ಕೋಶಗಳು ಸುಮಾರು 12 ಕೋಟಿ. ಅಲ್ಲಿಂದ ಮಿದುಳಿಗೆ ಹೊರಡುವ ನರತಂತುಗಳು ಸುಮಾರು 10 ಲಕ್ಷ. ಯಾವುದನ್ನು ಕಳಿಸಬೇಕು, ಯಾವುದನ್ನು ಬಿಡಬೇಕು ಎಂಬ ಆಯ್ಕೆಯ ಬಹುಭಾಗ ಕಣ್ಣಿನಲ್ಲೇ ಮುಗಿದಿರುತ್ತದೆ.

ಇದನ್ನು ಯಂತ್ರದಲ್ಲಿ ತರಲು ಮೊದಲು ಗಂಭೀರವಾಗಿ ಕೈಹಾಕಿದವರು ಅಮೆರಿಕದ ಮನೋವಿಜ್ಞಾನಿ ಫ್ರಾಂಕ್ ರೋಸೆನ್‌ಬ್ಲಾಟ್. ಬಫೆಲೊದ ಕಾರ್ನೆಲ್ ಏರೊನಾಟಿಕಲ್ ಲ್ಯಾಬೊರೇಟರಿಯಲ್ಲಿ, ಅಮೆರಿಕದ ನೌಕಾಪಡೆಯ ಹಣದಿಂದ, ಅವರು ಮಾರ್ಕ್ 1 ಪರ್ಸೆಪ್ಟ್ರಾನ್ ಎಂಬ ಯಂತ್ರ ಕಟ್ಟಿಸಿದರು. ಅದರ ಮುಂಭಾಗದಲ್ಲಿ ಸಾಲಿಗೆ 20ರಂತೆ 20 ಸಾಲು, ಒಟ್ಟು 400 ಬೆಳಕಿನ ಕೋಶಗಳು. ಹಿಂಭಾಗದಲ್ಲಿ ರೇಡಿಯೊದ ದನಿ ಹೆಚ್ಚುಕಡಿಮೆ ಮಾಡುವ ಬಗೆಯ ಪೊಟೆನ್ಷಿಯೋಮೀಟರುಗಳು. ಒಂದೊಂದನ್ನೂ ತಿರುಗಿಸಲು ಒಂದೊಂದು ಸಣ್ಣ ಮೋಟಾರು. ಅಕ್ಷರವೊಂದನ್ನು ಮುಂದೆ ಹಿಡಿದಾಗ ಯಂತ್ರ ತಪ್ಪು ಉತ್ತರ ಕೊಟ್ಟರೆ ಮೋಟಾರುಗಳು ಗರಗರ ತಿರುಗಿ ಪೊಟೆನ್ಷಿಯೋಮೀಟರುಗಳ ಸ್ಥಾನ ಬದಲಿಸುತ್ತಿದ್ದವು. ಯಂತ್ರ ಕಲಿತದ್ದೆಲ್ಲ ಆ ಸ್ಥಾನಗಳಲ್ಲಿ ಉಳಿಯುತ್ತಿತ್ತು. ಕಾಣುವುದು, ನೆನಪಿಡುವುದು, ಗುರುತಿಸುವುದು ಒಂದೇ ಯಂತ್ರದಲ್ಲಿ ಹೀಗೆ ಸೇರಿದ್ದು 1960ರ ಹೊತ್ತಿಗೆ.

ಅದೇ 1960ರಲ್ಲಿ ಸ್ಟ್ಯಾನ್‌ಫರ್ಡ್‌ನ ಬರ್ನಾರ್ಡ್ ವಿಡ್ರೊ ಮತ್ತು ಅವರ ವಿದ್ಯಾರ್ಥಿ ಟೆಡ್ ಹಾಫ್ ಮೋಟಾರಿನ ಗೊಡವೆಯನ್ನೇ ತೆಗೆದುಹಾಕಿದರು. ಪೆನ್ಸಿಲಿನ ಕಡ್ಡಿಯನ್ನು ತಾಮ್ರದ ಲವಣವಿರುವ ದ್ರಾವಣದಲ್ಲಿ ಇಳಿಸಿ ವಿದ್ಯುತ್ ಹಾಯಿಸಿದರು. ಒಂದು ದಿಕ್ಕಿಗೆ ಹಾಯಿಸಿದರೆ ಕಡ್ಡಿಯ ಮೇಲೆ ತಾಮ್ರ ಕೂರುತ್ತದೆ, ರೋಧ ಇಳಿಯುತ್ತದೆ. ತಿರುಗಿಸಿ ಹಾಯಿಸಿದರೆ ತಾಮ್ರ ಬಿಡುತ್ತದೆ, ರೋಧ ಏರುತ್ತದೆ. ಎಷ್ಟು ತಾಮ್ರ ಕೂತಿದೆಯೋ ಅಷ್ಟು ನೆನಪು. ಅದಕ್ಕೆ ಮೆಮಿಸ್ಟರ್ ಎಂದು ಹೆಸರಿಟ್ಟರು. ದ್ರಾವಣ ತುಂಬಿದ ಸಾಧನವನ್ನು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಪುಟ್ಟ ಜಾಗದಲ್ಲಿ ಕೂರಿಸುವುದು ಸಾಧ್ಯವಾಗಲಿಲ್ಲ. ಇತ್ತ ಸಿಲಿಕಾನ್ ಚಿಪ್ಪು ದಿನದಿನಕ್ಕೂ ಅಗ್ಗವಾಗುತ್ತಿತ್ತು. ಹಾಫ್ ಇಂಟೆಲ್ ಸೇರಿ, 1971ರಲ್ಲಿ ಬಂದ ಮೈಕ್ರೊಪ್ರೊಸೆಸರಿನ ಜನಕರಲ್ಲಿ ಒಬ್ಬರಾದರು. 1969ರಲ್ಲಿ ಮಾರ್ವಿನ್ ಮಿನ್ಸ್ಕಿ ಮತ್ತು ಸೆಮೂರ್ ಪೇಪರ್ಟ್ ಬರೆದ ಪುಸ್ತಕ ಪರ್ಸೆಪ್ಟ್ರಾನಿನ ಮಿತಿಗಳನ್ನು ಗಣಿತದಲ್ಲಿ ಸಾಧಿಸಿ ತೋರಿಸಿದ ಮೇಲೆ ಈ ದಾರಿಗೆ ಹಣವೂ ಜನವೂ ಬರುವುದು ಕಡಿಮೆಯಾಯಿತು. ರೋಸೆನ್‌ಬ್ಲಾಟ್ 1971ರ ಜುಲೈನಲ್ಲಿ, ತಮ್ಮ 43ನೆಯ ಹುಟ್ಟುಹಬ್ಬದಂದು, ದೋಣಿ ಅವಘಡದಲ್ಲಿ ತೀರಿಕೊಂಡರು.

ಕಾಗದದ ಮೇಲಿದ್ದ ನಾಲ್ಕನೆಯ ಸಾಧನ

ರೋಸೆನ್‌ಬ್ಲಾಟ್ ತೀರಿಕೊಂಡ ಎರಡು ತಿಂಗಳಿಗೆ, 1971ರ ಸೆಪ್ಟೆಂಬರಿನಲ್ಲಿ, ಬರ್ಕ್‌ಲಿಯ ಲಿಯಾನ್ ಚುವಾ ಒಂದು ಪ್ರಬಂಧ ಪ್ರಕಟಿಸಿದರು. ವಿದ್ಯುನ್ಮಂಡಲದ ಪಾಠದಲ್ಲಿ ರೆಸಿಸ್ಟರ್, ಕೆಪಾಸಿಟರ್, ಇಂಡಕ್ಟರ್ ಎಂಬ ಮೂರು ಮೂಲ ಘಟಕಗಳಿವೆ. ವೋಲ್ಟೇಜ್, ಕರೆಂಟ್, ಆವೇಶ, ಕಾಂತ ಪ್ರವಾಹ ಎಂಬ ನಾಲ್ಕು ಪರಿಮಾಣಗಳನ್ನು ಜೋಡಿಸಿ ನೋಡಿದರೆ ನಾಲ್ಕನೆಯ ಘಟಕವೊಂದು ಇರಲೇಬೇಕು ಎಂದು ಚುವಾ ಗಣಿತದಿಂದ ವಾದಿಸಿದರು. ತನ್ನ ಮೂಲಕ ಎಷ್ಟು ವಿದ್ಯುದಾವೇಶ ಹರಿಯಿತು ಎಂಬುದರ ಮೇಲೆ ಅದರ ರೋಧ ನಿಲ್ಲುತ್ತದೆ. ವಿದ್ಯುತ್ ನಿಲ್ಲಿಸಿದರೂ ಕೊನೆಯ ರೋಧ ಹಾಗೇ ಉಳಿಯುತ್ತದೆ. ಅದಕ್ಕೆ ಅವರಿಟ್ಟ ಹೆಸರು ಮೆಮ್ರಿಸ್ಟರ್.

ಕೈಗೆ ಸಿಗುವಂಥ ಮೆಮ್ರಿಸ್ಟರ್ ಮುಂದಿಡಲು 37 ವರ್ಷ ಬೇಕಾಯಿತು. ಆದರೆ ಅದರ ಲಕ್ಷಣ ಜನರ ಕಣ್ಣಿಗೆ ಮೊದಲೇ ಬಿದ್ದಿತ್ತು. ಜನರಲ್ ಎಲೆಕ್ಟ್ರಿಕ್ ಕಂಪನಿಯ ಟಿ. ಡಬ್ಲ್ಯು. ಹಿಕ್‌ಮಾಟ್ 1962ರಲ್ಲೇ ಲೋಹದ ಆಕ್ಸೈಡಿನ ತೆಳು ಪೊರೆಗಳಲ್ಲಿ ವಿಚಿತ್ರ ವರ್ತನೆ ದಾಖಲಿಸಿದ್ದರು. ವೋಲ್ಟೇಜ್ ಏರಿಸುವಾಗ ಬರುವ ರೇಖೆ ಇಳಿಸುವಾಗ ಬರುತ್ತಿರಲಿಲ್ಲ; ನಡುವೆ ಕುಣಿಕೆಯಂಥ ಜಾಗ ಉಳಿಯುತ್ತಿತ್ತು. ಮುಂದೆ ಎಷ್ಟೋ ಪ್ರಯೋಗಾಲಯಗಳಲ್ಲಿ ಆ ಕುಣಿಕೆ ಕಾಣಿಸಿತು. ಅಳತೆ ನಿಖರವಾಗಬೇಕೆಂದು ಬಯಸಿದವರಿಗೆ ಅದೊಂದು ಕಿರಿಕಿರಿ. 2008ರ ಮೇ 1ರ ನೇಚರ್ ಪತ್ರಿಕೆಯಲ್ಲಿ ಎಚ್‌ಪಿ ಪ್ರಯೋಗಾಲಯದ ಆರ್. ಸ್ಟ್ಯಾನ್ಲಿ ವಿಲಿಯಮ್ಸ್, ಡಿಮಿತ್ರಿ ಸ್ಟ್ರುಕೊವ್ ಮತ್ತು ಸಂಗಡಿಗರು ಆ ಕುಣಿಕೆಗೆ ವಿವರಣೆ ಕೊಟ್ಟರು. ಪ್ಲಾಟಿನಂ ತಂತಿಗಳ ನಡುವಿನ ಟೈಟಾನಿಯಂ ಡೈಆಕ್ಸೈಡ್ ಪೊರೆಯಲ್ಲಿ ಆಕ್ಸಿಜನ್ ಇಲ್ಲದ ಖಾಲಿ ಜಾಗಗಳಿರುತ್ತವೆ. ವಿದ್ಯುತ್ ಹಾಯಿಸಿದರೆ ಆ ಖಾಲಿ ಜಾಗಗಳೇ ಸರಿದಾಡಿ ರೋಧವನ್ನು ಬದಲಿಸುತ್ತವೆ, ವಿದ್ಯುತ್ ನಿಂತಾಗ ಇದ್ದಲ್ಲೇ ನಿಲ್ಲುತ್ತವೆ. ಹರಳಿನಲ್ಲಿ ಪರಮಾಣು ತಪ್ಪಿಹೋದ ಜಾಗಗಳು ನೆನಪಿನ ಆಧಾರವಾದವು.

ಸಂವೇದನೆಯ ಕಡೆಯ ಕೆಲಸ ಅಷ್ಟರಲ್ಲಿ ಇನ್ನೊಂದು ದಾರಿಯಲ್ಲಿ ನಡೆದಿತ್ತು. ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್‌ನಲ್ಲಿ ಕಾರ್ವರ್ ಮೀಡ್ ಸಿಲಿಕಾನ್ ಟ್ರಾನ್ಸಿಸ್ಟರುಗಳಿಂದಲೇ ನರಕೋಶಗಳಂಥ ಮಂಡಲ ಕಟ್ಟಲು ಹೊರಟಿದ್ದರು. ಈ ಶಾಸ್ತ್ರಕ್ಕೆ ನ್ಯೂರೊಮಾರ್ಫಿಕ್ ಎಂಬ ಹೆಸರು ಬಂದದ್ದು ಅವರಿಂದ. ಅವರ ವಿದ್ಯಾರ್ಥಿನಿ ಮಿಶಾ ಮಹೋವಾಲ್ಡ್ ಸಿಲಿಕಾನ್ ರೆಟಿನಾ ಕಟ್ಟಿದರು. 1991ರ ಮೇ ತಿಂಗಳ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ಇಬ್ಬರೂ ಸೇರಿ ಅದನ್ನು ಜನರಿಗೆ ಪರಿಚಯಿಸಿದರು. ಆ ದಾರಿಯ ಮುಂದಿನ ಫಲ 2008ರಲ್ಲಿ ಟೋಬಿ ಡೆಲ್‌ಬ್ರುಕ್ ಮತ್ತು ಸಂಗಡಿಗರು ವಿವರಿಸಿದ ಕ್ಯಾಮೆರಾ. ಅದರ ಪ್ರತಿ ಬಿಂದುವೂ ತನ್ನ ಮುಂದಿನ ಬೆಳಕು ಬದಲಾದಾಗ ಮಾತ್ರ ಸುದ್ದಿ ಕಳಿಸುತ್ತದೆ. ಏನೂ ಬದಲಾಗದಿದ್ದರೆ ಸುಮ್ಮನಿರುತ್ತದೆ.

2008ರ ಆ ಒಂದೇ ವರ್ಷದಲ್ಲಿ ನೆನಪಿಡುವ ಸಾಧನವೂ ಆಯ್ದು ನೋಡುವ ಕಣ್ಣೂ ಬೇರೆ ಬೇರೆ ಮೂಲೆಗಳಲ್ಲಿ ಸಿದ್ಧವಾದವು. ಎರಡನ್ನೂ ಒಂದೇ ವಸ್ತುವಿನ ಒಂದೇ ತುಣುಕಿಗೆ ತರುವ ಕೆಲಸ ಉಳಿದಿತ್ತು. ಬೆಂಗಳೂರು ಈ ಚರಿತ್ರೆಯೊಳಗೆ ಬರುವುದು ಇಲ್ಲಿ.

ಬೆಂಗಳೂರಿನ ಹದಗೊಂಡ ನೆಲ

ಬೆಂಗಳೂರಿನ ತಯಾರಿ ಒಂದು ದಿನದ್ದಲ್ಲ. 1976ರಲ್ಲಿ ಕಾನ್ಪುರದಿಂದ ಮರಳಿದ ಸಿ. ಎನ್. ಆರ್. ರಾವ್ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಘನಸ್ಥಿತಿ ರಸಾಯನವಿಜ್ಞಾನದ ಘಟಕ ಕಟ್ಟಿದರು. ಲೋಹದಂತೆ ವಿದ್ಯುತ್ ಹರಿಸುವ ಆಕ್ಸೈಡು ಒಂದು ಉಷ್ಣತೆಯಲ್ಲಿ ಇದ್ದಕ್ಕಿದ್ದಂತೆ ಅವಾಹಕವಾಗುವುದೇಕೆ ಎಂಬಂಥ ಪ್ರಶ್ನೆಗಳು ಅಲ್ಲಿಯ ದಿನನಿತ್ಯದ ಕೆಲಸ. ಅದೇ ಆವರಣದಲ್ಲಿ 1980ರ ದಶಕದಿಂದ ಎಸ್. ಅಶೋಕನ್ ಮತ್ತು ಸಹೋದ್ಯೋಗಿಗಳು ಟೆಲ್ಯೂರಿಯಂ ಮೊದಲಾದ ಧಾತುಗಳಿಂದ ಮಾಡುವ ಚಾಲ್ಕೊಜನೈಡ್ ಗಾಜುಗಳ ಬೆನ್ನುಹತ್ತಿದರು. ಈ ಗಾಜಿಗೆ ನಿರ್ದಿಷ್ಟ ವೋಲ್ಟೇಜ್ ಕೊಟ್ಟರೆ ಅದು ಒಮ್ಮೆಗೇ ವಿದ್ಯುತ್ ಹರಿಸತೊಡಗುತ್ತದೆ. ಕೆಲವು ಗಾಜುಗಳು ವೋಲ್ಟೇಜ್ ತೆಗೆದೊಡನೆ ಹಿಂದಿನ ಸ್ಥಿತಿಗೆ ಮರಳುತ್ತವೆ, ಕೆಲವು ಮರಳುವುದಿಲ್ಲ. ಮರಳದವು ನೆನಪಿನ ಗಾಜುಗಳು. ಅಮೆರಿಕದ ಸ್ಟ್ಯಾನ್‌ಫರ್ಡ್ ಒವ್‌ಶಿನ್ಸ್ಕಿ 1968ರಲ್ಲಿ ಪ್ರಕಟಿಸಿದ ಈ ವಿದ್ಯಮಾನವೇ ಮುಂದೆ ಮತ್ತೆ ಮತ್ತೆ ಬರೆಯಬಹುದಾದ ಸಿಡಿ, ಡಿವಿಡಿಗಳಿಗೆ ದಾರಿಯಾಯಿತು. ಯಾವ ಧಾತು ಎಷ್ಟು ಬೆರೆತರೆ ಗಾಜು ನೆನಪಿಡುತ್ತದೆ ಎಂಬುದನ್ನು ಬೆಂಗಳೂರಿನ ತಂಡ ವರ್ಷಾನುಗಟ್ಟಲೆ ಕೂತು ಅಳೆಯಿತು.

1989ರಲ್ಲಿ ರಾವ್ ಅವರೇ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದರು. ಜಕ್ಕೂರಿನಲ್ಲಿರುವ ಈ ಕೇಂದ್ರ ಮುಂದೆ ನಮ್ಮ ಕಥೆಯ ಎರಡನೆಯ ಮನೆಯಾಯಿತು. 2008ರಲ್ಲಿ ಕೇಂದ್ರ ಸರ್ಕಾರದ ನೆರವಿನಿಂದ ಭಾರತೀಯ ನ್ಯಾನೊಎಲೆಕ್ಟ್ರಾನಿಕ್ಸ್ ಬಳಕೆದಾರರ ಕಾರ್ಯಕ್ರಮ ಆರಂಭವಾಯಿತು. 2010ರಲ್ಲಿ ವಿಜ್ಞಾನ ಸಂಸ್ಥೆಯಲ್ಲಿ ನ್ಯಾನೊ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರ ರೂಪುಗೊಂಡಿತು. ಧೂಳಿನ ಕಣ ಸುಳಿಯದಂತೆ ಕಾಯುವ 14,000 ಚದರ ಅಡಿಯ ಸ್ವಚ್ಛ ಕೋಣೆ ಅದರ ಹೃದಯಭಾಗ. ವಸ್ತುವಿನ ಗುಣ ಬಲ್ಲವರಿಗೆ ಸಾಧನ ಮಾಡುವ ಅನುಕೂಲ ಹೀಗೆ ಕೈಗೆ ಸಿಕ್ಕಿತು.

ಒಂದು ಪರಮಾಣುವಿನಷ್ಟು ದಪ್ಪದ ಸಾಕ್ಷಿ

ಅರಿಂದಮ್ ಘೋಷ್ ಅವರ ತಂಡ ಬಳಸಿದ್ದು ಎರಡು ವಸ್ತುಗಳನ್ನು. ಗ್ರಾಫೀನ್ ಎಂದರೆ ಒಂದೇ ಪರಮಾಣುವಿನಷ್ಟು ದಪ್ಪದ ಇಂಗಾಲದ ಹಾಳೆ; ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ, ಬೆಳಕನ್ನು ಹೀರುವುದು ಕಡಿಮೆ. ಮಾಲಿಬ್ಡಿನಂ ಡೈಸಲ್ಫೈಡ್ ಎಂದರೆ ಯಂತ್ರಗಳ ಗ್ರೀಸಿಗೆ ಬೆರೆಸುವ ಕಪ್ಪು ಪುಡಿ. ಅದನ್ನು ಪದರ ಪದರವಾಗಿ ಬಿಡಿಸಿದರೆ ಬೆಳಕು ಹೀರುವ ಒಳ್ಳೆಯ ಅರೆವಾಹಕ. ಒಂದರ ಮೇಲೊಂದು ಇಟ್ಟು ಬೆಳಕು ಹಾಯಿಸಿದಾಗ ಡೈಸಲ್ಫೈಡಿನಲ್ಲಿ ಎಲೆಕ್ಟ್ರಾನುಗಳು ಕದಲುತ್ತವೆ. ತಕ್ಕ ವೋಲ್ಟೇಜ್ ಇದ್ದರೆ ಅವು ಗ್ರಾಫೀನಿಗೆ ದಾಟುತ್ತವೆ. ಅವುಗಳ ಜೋಡಿಯಾದ ಧನಾವೇಶ ಡೈಸಲ್ಫೈಡಿನಲ್ಲೇ ಸಿಕ್ಕಿಬೀಳುತ್ತದೆ. ಎರಡೂ ಮತ್ತೆ ಕೂಡಲು ದಾರಿಯಿಲ್ಲದ ಕಾರಣ ಗ್ರಾಫೀನಿನ ರೋಧ ಬದಲಾದಂತೆಯೇ ಉಳಿಯುತ್ತದೆ. ಗೇಟಿಗೆ ಒಂದು ಮಿಡಿತ ಕೊಟ್ಟರೆ ಧನಾವೇಶ ಬಿಡುಗಡೆಯಾಗಿ ಹಾಳೆ ಮತ್ತೆ ಖಾಲಿಯಾಗುತ್ತದೆ.

ಸೂಕ್ಷ್ಮತೆಯಲ್ಲೂ ಸಾಧನ ಹಿಂದೆ ಬೀಳಲಿಲ್ಲ. ಕೋಣೆಯ ಸಾಧಾರಣ ಉಷ್ಣತೆಯಲ್ಲಿ ಪ್ರತಿ ವ್ಯಾಟ್ ಬೆಳಕಿಗೆ 50 ಕೋಟಿ ಆಂಪಿಯರ್ ಪ್ರಮಾಣದ ಸ್ಪಂದನೆಯನ್ನು ತಂಡ ನೇಚರ್ ನ್ಯಾನೊಟೆಕ್ನಾಲಜಿ ಪತ್ರಿಕೆಯಲ್ಲಿ ವರದಿ ಮಾಡಿತು. ಕಣ್ಣಿಗೆ ಕಾಣದಷ್ಟು ಮಂದ ಬೆಳಕೂ ಅದರಲ್ಲಿ ಗುರುತು ಬಿಡಬಲ್ಲದು. ಕಾಣುವುದೂ ನೆನಪಿಡುವುದೂ ಒಂದೇ ತುಣುಕಿನಲ್ಲಿ ನಡೆಯಬಲ್ಲವು ಎಂದು ಜಗತ್ತಿಗೆ ತೋರಿಸಿದ ಮೊದಲ ಹಂತದ ಕೆಲಸಗಳಲ್ಲಿ ಇದೂ ಒಂದು. ಇಂಥದೇ ತೆಳು ಪದರಗಳಿಂದ 2020ರಲ್ಲಿ ವಿಯೆನ್ನಾದ ಥಾಮಸ್ ಮ್ಯೂಲರ್ ತಂಡ ಚಿತ್ರ ಗುರುತಿಸುವ ಕೆಲಸವನ್ನೇ ಸಂವೇದಕದೊಳಗೆ ಮುಗಿಸಿ ತೋರಿಸಿತು. ಆ ವರ್ಷದ ಭೌತವಿಜ್ಞಾನದ ಇನ್ಫೊಸಿಸ್ ಪ್ರಶಸ್ತಿ ಘೋಷ್ ಅವರಿಗೆ ಸಂದಿತು.

ಇತ್ತ ಜಕ್ಕೂರಿನಲ್ಲಿ ಕೆ. ಎಸ್. ನಾರಾಯಣ್ ಅವರ ತಂಡ ಜೀವಂತ ಕಣ್ಣಿನ ಬದಿಯಿಂದ ಇದೇ ಪ್ರಶ್ನೆಗೆ ಬಂದಿತ್ತು. ಮೊಟ್ಟೆಯೊಳಗೆ ಬೆಳೆಯುತ್ತಿರುವ ಕೋಳಿಮರಿಯ ರೆಟಿನಾ ಒಂದು ಹಂತದವರೆಗೆ ಬೆಳಕಿಗೆ ಸ್ಪಂದಿಸುವುದಿಲ್ಲ. ಅಂಥ ರೆಟಿನಾವನ್ನು ಬೆಳಕು ಹೀರುವ ಪಾಲಿಮರ್ ಪೊರೆಯ ಮೇಲಿಟ್ಟು ಬೆಳಕು ಬಿಟ್ಟಾಗ ನರಕೋಶಗಳು ಮಿಡಿದವು. ಇಸ್ರೇಲಿನ ಸಂಶೋಧಕರ ಜೊತೆಗೂಡಿ 2014ರಲ್ಲಿ ಪ್ರಕಟಿಸಿದ ಈ ಕೆಲಸ ಕೃತಕ ವಸ್ತುವಿಗೂ ನರಕ್ಕೂ ಮಾತುಕತೆ ಸಾಧ್ಯವೆಂದು ತೋರಿಸಿತು.

ಬಿರುಕು ಬಿಟ್ಟ ಬೆಳ್ಳಿ

ಜಕ್ಕೂರಿನ ಜಿ. ಯು. ಕುಲಕರ್ಣಿ ಅವರದು ಬಿರುಕುಗಳೊಂದಿಗೆ ಹಳೆಯ ನಂಟು. ಲೇಪನ ಒಣಗುವಾಗ ಬೀಳುವ ಬಿರುಕುಗಳನ್ನು ಎಲ್ಲರೂ ತಪ್ಪಿಸಲು ನೋಡುತ್ತಾರೆ. ಅವರ ತಂಡ ಆ ಬಿರುಕುಗಳಿಗೆ ಲೋಹ ತುಂಬಿ, ಮೇಲಿನ ಲೇಪ ತೊಳೆದು, ಗಾಜಿನ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ತಂತಿಯ ಜಾಲ ಪಡೆಯಿತು. ಪಾರದರ್ಶಕವಾಗಿದ್ದೂ ವಿದ್ಯುತ್ ಹರಿಸುವ ಗಾಜು ಹಾಗೆ ಸಿದ್ಧವಾಯಿತು.

2020-21ರ ಹೊತ್ತಿಗೆ ಅವರೂ ಅವರ ವಿದ್ಯಾರ್ಥಿಗಳೂ ಬೆಳ್ಳಿಯ ಇನ್ನೊಂದು ಲೋಪವನ್ನು ಹಿಡಿದರು. ಬೆಳ್ಳಿಯ ತೆಳು ಪೊರೆಯನ್ನು ಕಾಯಿಸಿದರೆ ಅದು ಒಡೆದು, ಮುದ್ದೆಗಟ್ಟಿ, ದ್ವೀಪಗಳಾಗುತ್ತದೆ. ತೆಳು ಪೊರೆ ಬೇಕಾದವರಿಗೆ ಇದು ಕೆಲಸ ಕೆಟ್ಟಂತೆ. ಆದರೆ ದ್ವೀಪಗಳ ನಡುವೆ ನ್ಯಾನೊಮೀಟರ್ ಅಳತೆಯ ಸಂದುಗಳು ಉಳಿಯುತ್ತವೆ, ಸಂದುಗಳಲ್ಲಿ ಬೆಳ್ಳಿಯ ಸಣ್ಣ ಕಣಗಳು ಚೆದುರಿರುತ್ತವೆ. ವಿದ್ಯುತ್ ಮಿಡಿತ ಕೊಟ್ಟಾಗ ಬೆಳ್ಳಿಯ ಎಳೆಯೊಂದು ಸಂದಿನಲ್ಲಿ ಬೆಳೆದು ಸೇತುವೆಯಾಗುತ್ತದೆ. ಮಿಡಿತ ದುರ್ಬಲವಾಗಿದ್ದರೆ ಸೇತುವೆ ಕ್ಷಣದಲ್ಲಿ ಕರಗುತ್ತದೆ. ಪದೇ ಪದೇ ಕೊಟ್ಟರೆ ಗಟ್ಟಿಯಾಗಿ ನಿಲ್ಲುತ್ತದೆ. ಅಲ್ಪಕಾಲದ ನೆನಪು ದೀರ್ಘಕಾಲದ ನೆನಪಾಗುವ ಬಗೆ ಇದೇ. ರಷ್ಯಾದ ಪಾವ್ಲೊವ್ ನಾಯಿಗೆ ಊಟದ ಜೊತೆ ಗಂಟೆ ಬಾರಿಸಿ, ಕೊನೆಗೆ ಗಂಟೆಯ ಸದ್ದಿಗೇ ಜೊಲ್ಲು ಸುರಿಸುವಂತೆ ಮಾಡಿದ ಪಾಠವನ್ನು ಈ ಬೆಳ್ಳಿಯ ಜಾಲ ವಿದ್ಯುತ್ ಮಿಡಿತಗಳ ಮೂಲಕ ಕಲಿತಿತು.

ಬೀದರಿನವರಿಗೆ ಇದು ಅಪರಿಚಿತ ವಿವೇಕವಲ್ಲ. ಬಿದರಿ ಕುಶಲಕರ್ಮಿ ಸತು ಮತ್ತು ತಾಮ್ರದ ಮಿಶ್ರಲೋಹದಲ್ಲಿ ಬೆಳ್ಳಿ ಕೂರಿಸಿ, ಕೋಟೆಯ ಹಳೆಯ ಮಣ್ಣನ್ನು ನವಸಾಗರದ ಜೊತೆ ಕುದಿಸಿ ಹಚ್ಚುತ್ತಾನೆ. ಮಿಶ್ರಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಬೆಳೆ ಬೆಳೆಯಲು, ಮನೆ ಕಟ್ಟಲು ಯಾರೂ ಕೇಳದ ಮಣ್ಣಿನಲ್ಲಿ ಯಾವ ಗುಣವಿದೆ ಎಂದು ತಲೆಮಾರುಗಳ ಕಾಲ ಕೈಯಿಂದ ಪರೀಕ್ಷಿಸಿದವರ ವಿದ್ಯೆಯದು. ಜಕ್ಕೂರಿನ ಪ್ರಯೋಗಾಲಯದ ಹಿಂದೆಯೂ ಅಂಥದೇ ತಾಳ್ಮೆ ಇದೆ.

ಅದೇ ಕೇಂದ್ರದ ಬಿವಾಸ್ ಸಾಹಾ ಅವರ ತಂಡದಲ್ಲಿ ಧೀಮಹಿ ರಾವ್ ಮತ್ತು ಸಂಗಡಿಗರು 2022-23ರ ಹೊತ್ತಿಗೆ ಸ್ಕ್ಯಾಂಡಿಯಂ ನೈಟ್ರೈಡ್ ಎಂಬ ಅರೆವಾಹಕದಿಂದ ಬೆಳಕಿನ ಸಿನಾಪ್ಸ್ ಮಾಡಿದರು. ಬೆಳಕು ಬಿದ್ದಾಗ ಸಾಮಾನ್ಯ ಅರೆವಾಹಕದ ರೋಧ ಇಳಿಯಬೇಕು. ಸ್ಕ್ಯಾಂಡಿಯಂ ನೈಟ್ರೈಡಿನಲ್ಲಿ ಏರುತ್ತದೆ. ಅದಕ್ಕೆ ಮೆಗ್ನೀಸಿಯಂ ಬೆರೆಸಿದರೆ ವರ್ತನೆ ತಿರುಗಿ, ರೋಧ ಇಳಿಯುತ್ತದೆ. ಎರಡೂ ಬಗೆಯ ಬದಲಾವಣೆ ಬೆಳಕು ಆರಿದ ಮೇಲೂ ಕೆಲಹೊತ್ತು ಉಳಿಯುತ್ತದೆ. ಮಿದುಳಿನಲ್ಲಿ ಸಂದೇಶವನ್ನು ಹುರಿದುಂಬಿಸುವ ಸಂಧಿಗಳಿವೆ, ತಡೆಯುವ ಸಂಧಿಗಳಿವೆ. ಎರಡರ ಸಮತೋಲನದಿಂದಲೇ ಅದು ನಡೆಯುತ್ತದೆ. ಒಂದೇ ವಸ್ತುವಿನಿಂದ ಎರಡೂ ಬಗೆಯ ಸಂಧಿ, ಅದೂ ಬೆಳಕಿನಿಂದಲೇ ಕಲಿಯುವಂಥದ್ದು, ದೊರೆತದ್ದು ಇದರ ಹೆಚ್ಚುಗಾರಿಕೆ. ಇಂದಿನ ಚಿಪ್ ತಯಾರಿಕೆಯ ವಿಧಾನಗಳಿಗೂ ಈ ವಸ್ತು ಹೊಂದಿಕೊಳ್ಳುತ್ತದೆ.

2025ರ ಆರಂಭದಲ್ಲಿ ಅದೇ ಕೇಂದ್ರದಿಂದ ಎಳೆತಕ್ಕೆ ಸ್ಪಂದಿಸುವ ಸಾಧನದ ಸುದ್ದಿ ಬಂತು. ಹಿಗ್ಗುವ ಪೊರೆಯಲ್ಲಿ ಬೆಳ್ಳಿಯ ತಂತಿಗಳ ಜಾಲ. ಎಳೆದರೆ ತಂತಿಯಲ್ಲಿ ಸಂದು ಬಿದ್ದು ವಿದ್ಯುತ್ ದಾರಿ ಕಡಿಯುತ್ತದೆ, ಮಿಡಿತ ಕೊಟ್ಟರೆ ಕೂಡಿಕೊಳ್ಳುತ್ತದೆ. ಮತ್ತೆ ಮತ್ತೆ ಎಳೆದಂತೆ ಅದರ ಸ್ಪಂದನೆ ಹೊಂದಿಕೊಳ್ಳುತ್ತ ಹೋಗುತ್ತದೆ, ಪದೇ ಪದೇ ಬರುವ ನೋವಿಗೆ ಮೈ ಒಗ್ಗಿಕೊಳ್ಳುವ ಹಾಗೆ. ಬೆಳಕಿನಿಂದ ಆರಂಭವಾದ ಕೆಲಸ ಸ್ಪರ್ಶಕ್ಕೂ ಹಬ್ಬಿತು.

16,500 ಮೆಟ್ಟಿಲು

ಈ ಸಾಧನಗಳಿಂದ ನಿಜವಾದ ಲೆಕ್ಕ ಮಾಡಿಸಬೇಕಾದರೆ ನೆನಪು ಇದೆ, ಇಲ್ಲ ಎಂಬ ಎರಡು ಹಂತ ಸಾಲದು. ನಡುವೆ ಸಾವಿರಾರು ಹಂತಗಳು ಬೇಕು, ಪ್ರತಿ ಹಂತದ ಅಂತರವೂ ಒಂದೇ ಸಮ ಇರಬೇಕು. 2008ರಿಂದ ಬಂದ ಮೆಮ್ರಿಸ್ಟರುಗಳ ದೊಡ್ಡ ಕೊರತೆ ಇದು.

ಶ್ರೀತೋಷ್ ಗೋಸ್ವಾಮಿ ಈ ಕೊರತೆಯ ಬೆನ್ನುಹತ್ತಿದ್ದು ಸಿಂಗಪುರದಲ್ಲಿ, ಟಿ. ವೆಂಕಟೇಶನ್ ಅವರ ಜೊತೆ. ಆಕ್ಸೈಡು ಬಿಟ್ಟು ಲೋಹ ಮತ್ತು ಸಾವಯವ ಅಣುಗಳು ಬೆಸೆದ ಪೊರೆಯನ್ನು ಅವರು ಆರಿಸಿಕೊಂಡರು. 2017ರಲ್ಲಿ ಅಂಥ ಪೊರೆಯಿಂದ ಗಟ್ಟಿಮುಟ್ಟಾದ ಸ್ಮರಣ ಸಾಧನ ಮಾಡಬಹುದೆಂದು ತೋರಿಸಿದರು. ಆಮೇಲೆ ಬೆಂಗಳೂರಿನ ನ್ಯಾನೊ ವಿಜ್ಞಾನ ಕೇಂದ್ರಕ್ಕೆ ಬಂದರು. ಅಲ್ಲಿ ಜೊತೆಯಾದವರು ನವಕಾಂತ ಭಟ್. ಮೈಸೂರು ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದಿ, ಸ್ಟ್ಯಾನ್‌ಫರ್ಡ್‌ನಲ್ಲಿ ಡಾಕ್ಟರೇಟ್ ಪಡೆದು ಮರಳಿದ ಭಟ್ ಅವರಿಗೆ ಜೈವಿಕ ಮತ್ತು ಅನಿಲ ಸಂವೇದಕಗಳ ಕೆಲಸಕ್ಕಾಗಿ 2018ರ ಇನ್ಫೊಸಿಸ್ ಪ್ರಶಸ್ತಿ ಬಂದಿತ್ತು. ಸಂವೇದಕದವರೂ ಸ್ಮರಣೆಯವರೂ ಒಂದೇ ಸೂರಿನಡಿ ಸೇರಿದರು. ರಸಾಯನವಿಜ್ಞಾನಿ ಶ್ರೀಬ್ರತ ಗೋಸ್ವಾಮಿ ಅಣುಗಳನ್ನು ರೂಪಿಸಿದರು. 2008ರ ಮೆಮ್ರಿಸ್ಟರಿನ ಸ್ಟ್ಯಾನ್ಲಿ ವಿಲಿಯಮ್ಸ್ ಅವರೂ ಅಮೆರಿಕದಿಂದ ಕೈಜೋಡಿಸಿದರು.

2024ರ ಸೆಪ್ಟೆಂಬರಿನ ನೇಚರ್ ಪತ್ರಿಕೆಯಲ್ಲಿ ಫಲ ಬಂತು. ಪ್ರಬಂಧದ ಮೊದಲ ಲೇಖಕ ಅದೇ ಕೇಂದ್ರದ ಸಂಶೋಧನಾ ವಿದ್ಯಾರ್ಥಿ ದೀಪಕ್ ಶರ್ಮಾ. ರುಥೇನಿಯಂ ಲೋಹದ ಅಣುಗಳ ಪೊರೆಯಲ್ಲಿ ಅಯಾನುಗಳು ಸದಾ ಅಲುಗಾಡುತ್ತಿರುತ್ತವೆ. ಅಳತೆ ಮಾಡಿದ ವಿದ್ಯುತ್ ಮಿಡಿತಗಳಿಂದ ಆ ಅಲುಗಾಟವನ್ನು ಹಿಡಿತಕ್ಕೆ ತಂದು, ಒಂದೊಂದು ನೆಲೆಗೆ ಒಂದೊಂದು ವಾಹಕತೆಯಂತೆ ಸುಮಾರು 16,500 ಹಂತಗಳನ್ನು ತಂಡ ಗುರುತಿಸಿತು. ಇಂಥ ಸಾಧನಗಳನ್ನು ಸಾಲಿಗೆ 64ರಂತೆ 64 ಸಾಲು ಜೋಡಿಸಿದರು. ಸಾಧನದ ವಾಹಕತೆ ಒಂದು ಅಂಕಿ, ಅದಕ್ಕೆ ಕೊಡುವ ವೋಲ್ಟೇಜ್ ಇನ್ನೊಂದು ಅಂಕಿ. ಓಮ್‌ನ ನಿಯಮದಂತೆ ಹರಿಯುವ ಕರೆಂಟೇ ಎರಡರ ಗುಣಲಬ್ಧ. ಒಂದೇ ತಂತಿಗೆ ಸೇರುವ ಕರೆಂಟುಗಳು ಕಿರ್ಚಾಫ್‌ನ ನಿಯಮದಂತೆ ತಾವೇ ಕೂಡಿಕೊಳ್ಳುತ್ತವೆ. ಕೃತಕ ಬುದ್ಧಿಮತ್ತೆಯ ಕೆಲಸದಲ್ಲಿ ಬಹುಪಾಲು ಈ ಗುಣಾಕಾರ ಮತ್ತು ಸಂಕಲನವೇ. ಪಿಯುಸಿ ಭೌತಶಾಸ್ತ್ರದ ಎರಡು ನಿಯಮಗಳು ಅದನ್ನು ಒಂದೇ ಏಟಿಗೆ ಮುಗಿಸುತ್ತವೆ. ಅಂಕಿಗಳು ಎಲ್ಲಿಗೂ ಓಡಾಡಬೇಕಿಲ್ಲ. ಜೇಮ್ಸ್ ವೆಬ್ ದೂರದರ್ಶಕದ ದತ್ತಾಂಶದಿಂದ ಆಕಾಶದ ಪ್ರಸಿದ್ಧ ಚಿತ್ರವೊಂದನ್ನು ಈ ಜಾಲದಿಂದ ಮರಳಿ ಕಟ್ಟಿ ತೋರಿಸಿದರು. ಡಿಜಿಟಲ್ ಕಂಪ್ಯೂಟರಿಗಿಂತ 460 ಪಟ್ಟು ಕಡಿಮೆ ವಿದ್ಯುತ್ತಿನಲ್ಲಿ ಲೆಕ್ಕ ಸಾಧ್ಯವೆಂದು ವರದಿ ಮಾಡಿದರು.

ವಿಜ್ಞಾನ ಸಂಸ್ಥೆಯಲ್ಲೇ ಚೇತನ್ ಸಿಂಗ್ ಠಾಕೂರ್ ಅವರ ತಂಡ ಇದೇ ಗುರಿಯನ್ನು ಸಿಲಿಕಾನ್ ಮಂಡಲಗಳಿಂದ ಹಿಡಿಯಲು ಹೊರಟು, 2022ರಲ್ಲಿ ಆರ್ಯಭಟ-1 ಎಂಬ ಅನಲಾಗ್ ಚಿಪ್ಪಿನ ಮಾದರಿ ಪ್ರಕಟಿಸಿತು. ದಾರಿ ಒಂದಲ್ಲ, ಹಲವು.

ಠಾಣಾ ಕುಶನೂರಿಗೆ ಇದರಿಂದ ಏನು?

ಈ ಸಾಧನಗಳಲ್ಲಿ ಹೆಚ್ಚಿನವು ಇನ್ನೂ ಪ್ರಯೋಗಾಲಯದಲ್ಲಿವೆ. ಒಂದು ತುಣುಕಿನಂತೆ ಇನ್ನೊಂದು ತುಣುಕು ವರ್ತಿಸಬೇಕು, ವರ್ಷಗಟ್ಟಲೆ ಬಿಸಿಲು ತೇವ ತಡೆಯಬೇಕು, ಕೋಟಿಗಟ್ಟಲೆ ಸಂಖ್ಯೆಯಲ್ಲಿ ಅಗ್ಗವಾಗಿ ತಯಾರಾಗಬೇಕು. ಈ ಮೂರೂ ಸಾಧಿಸಬೇಕಾದ ಕೆಲಸಗಳು. ಆದರೆ ಇವು ಎಲ್ಲಿ ಬೇಕು ಎಂದು ಕೇಳಿದರೆ ಉತ್ತರ ದೊಡ್ಡ ಊರುಗಳ ದತ್ತಾಂಶ ಕೇಂದ್ರಗಳಲ್ಲಷ್ಟೇ ಇಲ್ಲ. ಔರಾದ್ ಸೀಮೆಯ ಠಾಣಾ ಕುಶನೂರಿನ ಹೊಲದಲ್ಲೂ ಇದೆ. ತೊಗರಿಗೆ ನೆಟೆ ರೋಗ ತಗಲುವುದು, ಕಾಯಿಕೊರಕ ಬೀಳುವುದು, ಸೋಯಾ ಹೊಲದಲ್ಲಿ ತೇವ ಮಿತಿಮೀರುವುದು ಒಂದು ದಿನದಲ್ಲಿ ಆಗುವ ಬದಲಾವಣೆಯಲ್ಲ. ನಿನ್ನೆ ಮೊನ್ನೆಯ ಸ್ಥಿತಿ ನೆನಪಿದ್ದರೆ ಮಾತ್ರ ಇಂದಿನ ವ್ಯತ್ಯಾಸ ತಿಳಿಯುತ್ತದೆ. ಪ್ರತಿ ಕ್ಷಣದ ಚಿತ್ರವನ್ನೂ ದೂರದ ಸರ್ವರಿಗೆ ಕಳಿಸುವ ಯಂತ್ರಕ್ಕೆ ಎಡೆಬಿಡದ ಕರೆಂಟು ಬೇಕು, ಕೈಕೊಡದ ನೆಟ್‌ವರ್ಕ್ ಬೇಕು. ಕಂಡದ್ದನ್ನು ಅಲ್ಲೇ ನೆನಪಿಟ್ಟು, ಬದಲಾದಾಗಷ್ಟೇ ರೈತನ ಫೋನಿಗೆ ತಿಳಿಸುವ ಸಂವೇದಕಕ್ಕೆ ಸಣ್ಣ ಬ್ಯಾಟರಿ ಸಾಕಾದೀತು. ಬರವನ್ನೂ ಅತಿವೃಷ್ಟಿಯನ್ನೂ ಉಣ್ಣುವ ನಮ್ಮ ಜಿಲ್ಲೆಗೆ ಇಂಥದ್ದು ಬೇಕೇ ಬೇಕು. ಅದನ್ನು ಮಾಡಲು ನೆಟೆ ರೋಗ ಬಲ್ಲವರೂ ವಸ್ತುವಿಜ್ಞಾನ ಬಲ್ಲವರೂ ಒಟ್ಟಿಗೆ ಕೂರಬೇಕು.

2021ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಚಿಪ್ ಉದ್ಯಮಕ್ಕಾಗಿ 76,000 ಕೋಟಿ ರೂಪಾಯಿಯ ಯೋಜನೆ ಘೋಷಿಸಿತು. ಕಾರ್ಖಾನೆಗೆ ಹಣ ಬೇಕು, ಸರಿ. ಆದರೆ ಈ ಚರಿತ್ರೆ ಹೇಳುವುದನ್ನೂ ಕೇಳಬೇಕು. ಇದನ್ನು ಮುಂದೆ ತಂದವರು ಗಾಜು, ಬೆಳ್ಳಿ, ಗ್ರೀಸಿನ ಪುಡಿಗಳ ಎದುರು ವರ್ಷಗಟ್ಟಲೆ ಕೂತವರು. ಅಳತೆ ತಪ್ಪಿ ಬಂದಾಗ ಹಾಳೆ ಹರಿದು ಹಾಕದೆ, ತಪ್ಪಿದ್ದೇಕೆ ಎಂದು ಬರೆದಿಟ್ಟವರು. ಅಂಥವರನ್ನು ತಯಾರಿಸುವ ಕೆಲಸ ಪದವಿ ತರಗತಿಯ ಪ್ರಯೋಗಶಾಲೆಯಲ್ಲಿ ಶುರುವಾಗಬೇಕು.

ಬೀದರ್, ಭಾಲ್ಕಿ, ಔರಾದಿನ ಅಧ್ಯಾಪಕರಲ್ಲಿ ನನ್ನ ವಿನಂತಿ ಇಷ್ಟೇ. ವಿದ್ಯಾರ್ಥಿಯ ಪ್ರಯೋಗದಲ್ಲಿ ಪುಸ್ತಕದ ರೇಖೆ ಬಾರದಿದ್ದರೆ ಹಳೆಯ ರೆಕಾರ್ಡ್ ನೋಡಿ ತಿದ್ದಿಸಬೇಡಿ. ಬಂದ ರೇಖೆಯನ್ನೇ ಬರೆಸಿ, ಕಾರಣ ಹುಡುಕಿಸಿ. ವಿದ್ಯಾರ್ಥಿಗಳಿಗೂ ಒಂದು ಮಾತು. ಜಕ್ಕೂರಿನ ಕೇಂದ್ರ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್ ಇದೆ, ದೇಶದ ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಫೆಲೋಶಿಪ್ ಇದೆ, ಬೇರೆ ಕಾಲೇಜಿನವರಿಗೂ ತರಬೇತಿ ಕೊಟ್ಟು ಸ್ವಚ್ಛ ಕೋಣೆಯೊಳಗೆ ಬಿಡುವ ನ್ಯಾನೊಎಲೆಕ್ಟ್ರಾನಿಕ್ಸ್ ಬಳಕೆದಾರರ ಕಾರ್ಯಕ್ರಮ ಇದೆ. ಇವು ಬೆಂಗಳೂರಿನವರಿಗೆಂದು ಮೀಸಲಾದವಲ್ಲ. ಅರ್ಜಿ ಹಾಕಿ.